ಅರಸನಿಗೆ ಒಂದೇ ನೆಗೆತ

ಉಡಿಗಾಲದ ಹಿರಿಯರೊಬ್ಬರು ಜಗಲಿಯಲ್ಲಿ ಚದುರಂಗದ ಮಣೆ ಹಾಸಿದರೆಂದರೆ ಸಂಜೆಯ ಶಿವಪೂಜೆಯ ಹೊತ್ತಿನವರೆಗೆ ಏಳುವವರಲ್ಲ. ಅರಿಶಿನ ಬೆಳೆಯುವ ಈ ಶರಣರು ತಂದೆಯಿಂದ ಕಲಿತದ್ದು ನಾಡಪದ್ಧತಿಯ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯತಕ್ಕದ್ದು. ಕೋಟೆ ಕಟ್ಟುವ ನಡೆಯಿಲ್ಲ. ಅದಕ್ಕೆ ಬದಲಾಗಿ ಅರಸನು, ಎದುರಾಳಿಯ ಶಹಕ್ಕೆ ಒಮ್ಮೆಯೂ ಸಿಕ್ಕದಿದ್ದಲ್ಲಿ, ಇಡೀ ಆಟದಲ್ಲಿ ಒಂದು ಸಲ ಮಾತ್ರ ಕುದುರೆಯಂತೆ ನೆಗೆಯಬಹುದು.

ಕೆಲವು ವರ್ಷಗಳ ಹಿಂದೆ ಹವ್ಯಾಸಿಗಳ ಪಂದ್ಯವೊಂದರಲ್ಲಿ ಅವರು ಕಾಲೇಜು ವಿದ್ಯಾರ್ಥಿಯೊಬ್ಬನ ಎದುರು ಕುಳಿತಾಗ ನಾನೂ ಪ್ರೇಕ್ಷಕನಾಗಿದ್ದೆ. ಆಟ ಅಂತರರಾಷ್ಟ್ರೀಯ ನಿಯಮದಂತೆ. ಹಿರಿಯರ ಬಳಿ ಒಂದು ಕುದುರೆ ಹೆಚ್ಚಾಗಿತ್ತು. ಗೆಲುವು ಅವರದೇ ಎಂದು ನಾವೆಲ್ಲ ಎಣಿಸಿದ್ದೆವು. ಹುಡುಗನ ಆನೆ, ಮಂತ್ರಿಗಳು ಹತ್ತಿರ ಸುಳಿದಾಗ ಅವರ ಕೈ ಅಭ್ಯಾಸಬಲದಿಂದ ಅರಸನನ್ನೆತ್ತಿ ಕುದುರೆಯ ಮನೆಗೆ ಇಟ್ಟುಬಿಟ್ಟಿತು. ತೀರ್ಪುಗಾರರು ಅರಸನನ್ನು ಹಿಂದಿರುಗಿಸಿದರು. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು ನಿಯಮ. ಅರಸನಿಗೆ ಉಳಿದಿದ್ದುದು ಮೂಲೆಯ ಒಂದೇ ಮನೆ. ಮರುನಡೆಯಲ್ಲಿ ಆಟ ಮುಗಿಯಿತು. ತೀರ್ಪಿನಲ್ಲಿ ದೋಷವಿರಲಿಲ್ಲ. ಆದರೂ ನನಗೆ ಸಂಕಟವಾಯಿತು.

ಈ ಸೀಮೆಗೆ ಚದುರಂಗ ಹೊರಗಿನಿಂದ ಬಂದ ಶಾಲೆಯ ಪಾಠವಲ್ಲ. ಅರಿಕುಠಾರವೆಂಬ ಹಳೆಯ ಹೆಸರಿನ ಚಾಮರಾಜನಗರದಲ್ಲಿ ಹುಟ್ಟಿದ ಚಾಮರಾಜ ಒಡೆಯರ ಮಗನೇ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ತಂದೆಯ ನೆನಪಿಗೆ 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದವರು ಅವರೇ. ಕುದುರೆಯು 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಹೊರಟಲ್ಲಿಗೆ ಮರಳುವ ದಾರಿಗಳನ್ನು ಅವರು ರಚಿಸಿದರು. ಅಂಥ ಒಂದರಲ್ಲಿ, ನಡೆದ ಕ್ರಮದಲ್ಲಿ ಮನೆಗಳಿಗೆ ಅಂಕೆ ಬರೆದರೆ, ಪ್ರತಿ ಅಡ್ಡಸಾಲಿನ ಮೊತ್ತವೂ 260, ಪ್ರತಿ ಕಂಬಸಾಲಿನದೂ 260! ಎರಡು ಕರ್ಣಗಳ ಮೊತ್ತ ಮಾತ್ರ ಹೊಂದುವುದಿಲ್ಲ. ಅದು ಅರಸರ ಕೊರತೆಯಲ್ಲ. ಹಾಗೆ ಹೊಂದುವ ದಾರಿಯೇ ಇಲ್ಲವೆಂದು 2003ರಲ್ಲಿ ಗಣಕಯಂತ್ರಗಳು ತೋರಿಸಿದವು. ಇನ್ನೂ ಹಿಂದೆ ಹೋದರೆ, ಬಸವಣ್ಣನವರು ಮಂತ್ರಿಯಾಗಿದ್ದ ಕಲ್ಯಾಣದಲ್ಲಿಯೇ, ಅವರಿಗಿಂತ ಕೆಲವು ದಶಕ ಮೊದಲು, ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಚತುರಂಗವನ್ನು ವಿವರಿಸಿದ್ದಾನೆ.

ಇದನ್ನು ನಾನು ಹಿರಿಯರಿಗೆ ಹೇಳಿದಾಗ ಸಮಾಧಾನಕ್ಕಿಂತ ಹೆಚ್ಚಾಗಿ ಅವರಿಗೆ ಕುತೂಹಲವಾಯಿತು. ಪಕ್ಕದಲ್ಲಿ ನಿಂತು ಕೇಳುತ್ತಿದ್ದವನು ಗೆದ್ದ ಹುಡುಗನೇ. ಮುಂದಿನ ಸೋಮವಾರ ಅವನು ಉಡಿಗಾಲದ ಜಗಲಿಗೆ ಬಂದು, ಹಳೆಯ ಆಟವನ್ನು ಕಲಿಸಿಕೊಡಬೇಕೆಂದು ಕೇಳಿ ಕುಳಿತನು. ಮೊದಲ ನಡೆಯಲ್ಲಿಯೇ ಕಾಲಾಳನ್ನು ಎರಡು ಮನೆ ಮುಂದಿಟ್ಟನು. ಹಿರಿಯರು ನಗುತ್ತ ಅದನ್ನು ಒಂದು ಮನೆ ಹಿಂದಕ್ಕೆ ಸರಿಸಿದರು.