ಇಳಿದ ತೋಳುಗಳ ಎತ್ತರ

ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತುವವರು ಬುಡದಲ್ಲೇ ಚಪ್ಪಲಿ ಬಿಡಬೇಕು. ಬಿಸಿಲೇರಿದರೆ ಬಂಡೆ ಕಾದು ಅಂಗಾಲು ಚುರುಗುಟ್ಟುತ್ತದೆ. ಅದಕ್ಕೇ ಬಲ್ಲವರು ಬೆಳಗ್ಗೆಯೇ ಹೊರಡುತ್ತಾರೆ. ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲುಗಳು ಆರುನೂರಕ್ಕೂ ಹೆಚ್ಚು. ಹತ್ತಲಾರದ ಹಿರಿಯರನ್ನು ಹೊತ್ತ ಡೋಲಿಯವರು ಪಕ್ಕದಲ್ಲೇ ಏರುತ್ತಿರುತ್ತಾರೆ. ಏದುಸಿರು ಬಿಡುತ್ತ ನಿಂತು ತಿರುಗಿ ನೋಡಿದರೆ ಕೆಳಗೆ ಕಲ್ಯಾಣಿಯ ನೀರು, ಅದರಾಚೆ ಚಿಕ್ಕಬೆಟ್ಟ, ಸುತ್ತಲೂ ತೆಂಗಿನ ತೋಟಗಳ ಹಸಿರು.

ಹತ್ತಾರು ಮೈಲಿ ದೂರದಿಂದಲೇ ಕಾಣುವ ಗೊಮ್ಮಟ, ಹತ್ತಿರ ಬಂದಂತೆ ಗೋಡೆಗಳ ಹಿಂದೆ ಮರೆಯಾಗುತ್ತಾನೆ. ಕೊನೆಯ ಬಾಗಿಲು ದಾಟಿ ಒಳಗೆ ಕಾಲಿಟ್ಟಾಗ ಕಣ್ಣಿನ ಮಟ್ಟಕ್ಕೆ ಮೊದಲು ಸಿಗುವುದು ಪಾದ. ಒಂದೊಂದೂ ಸುಮಾರು 9 ಅಡಿ ಉದ್ದ. ಅಲ್ಲಿಂದ ನೋಟ ಮೇಲಕ್ಕೇರಬೇಕು: ಸುಮಾರು 58 ಅಡಿ ಎತ್ತರ, ಭುಜದಿಂದ ಭುಜಕ್ಕೆ ಸುಮಾರು 26 ಅಡಿ ಅಗಲ. ಎಲ್ಲರೂ ಮುಖ ನೋಡುತ್ತ ಮೈಮರೆಯುತ್ತಾರೆ. ನನ್ನ ಕಣ್ಣು ಮಾತ್ರ ಪ್ರತಿಸಲವೂ ತೋಳುಗಳ ಮೇಲೆ ನಿಲ್ಲುತ್ತದೆ. ಗೊಮ್ಮಟನ ಇನ್ನೊಂದು ಹೆಸರು ಬಾಹುಬಲಿ, ಎಂದರೆ ತೋಳ್ಬಲವುಳ್ಳವನು. ಆ ತೋಳುಗಳಲ್ಲಿ ಆಯುಧವಿಲ್ಲ, ಅಭಯಮುದ್ರೆಯಿಲ್ಲ, ಏನನ್ನೂ ಕೊಡುವ ಭಂಗಿಯೂ ಇಲ್ಲ. ಅವು ಸುಮ್ಮನೆ ಕೆಳಗಿಳಿದಿವೆ. ಈ ವಿಗ್ರಹದ ಅರ್ಥವೆಲ್ಲ ಆ ಇಳಿದ ತೋಳುಗಳಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಎತ್ತಿದವನನ್ನು ಇಳಿಸಿದ ಕಥೆ

ಪಂಪ 941ರಲ್ಲಿ ಬರೆದ ಆದಿಪುರಾಣದಿಂದ ಕನ್ನಡಿಗರ ಮನಸ್ಸಿನಲ್ಲಿ ನೆಲೆನಿಂತ ಕಥೆ ಇದು. ಬಾಹುಬಲಿಯ ಅಣ್ಣ ಭರತ ದಿಗ್ವಿಜಯ ಮುಗಿಸಿ ಬಂದಾಗ ಅವನ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲೇ ನಿಂತುಬಿಟ್ಟಿತು. ಒಡಹುಟ್ಟಿದ ತಮ್ಮಂದಿರು ಇನ್ನೂ ಮಣಿದಿರಲಿಲ್ಲ. ಉಳಿದವರೆಲ್ಲ ತಂದೆ ಆದಿನಾಥನ ಹಾದಿ ಹಿಡಿದು ದೀಕ್ಷೆ ಪಡೆದರು. ಪೌದನಪುರದ ಬಾಹುಬಲಿ ಮಾತ್ರ ಅಣ್ಣನಿಗೆ ಎದುರಾದ. ಸೈನ್ಯದ ರಕ್ತ ಹರಿಯಬಾರದೆಂದು ಮಂತ್ರಿಗಳು ಅಣ್ಣತಮ್ಮಂದಿರ ನಡುವೆಯೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಮೂರರಲ್ಲೂ ತಮ್ಮನದೇ ಗೆಲುವು.

ಮಲ್ಲಯುದ್ಧದಲ್ಲಿ ಬಾಹುಬಲಿ ಅಣ್ಣನನ್ನು ಎರಡೂ ತೋಳುಗಳಿಂದ ಮೇಲೆತ್ತಿದ. ಅಪ್ಪಳಿಸಿದ್ದರೆ ಷಟ್ಖಂಡ ಭೂಮಿ ಅವನದಾಗುತ್ತಿತ್ತು. ಎತ್ತಿದವನನ್ನು ಮೆಲ್ಲನೆ ಇಳಿಸಿದ. ಅವಮಾನದಿಂದ ಕುದಿದ ಭರತ ಚಕ್ರವನ್ನೇ ಪ್ರಯೋಗಿಸಿದರೂ ಅದು ತಮ್ಮನನ್ನು ಪ್ರದಕ್ಷಿಣೆ ಹಾಕಿ ನಿಂತಿತು. ರಾಜ್ಯ ಅಣ್ಣತಮ್ಮಂದಿರನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ನೊಂದ ಬಾಹುಬಲಿ, ಗೆದ್ದದ್ದನ್ನೆಲ್ಲ ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತ. ಒಂದು ವರ್ಷ ಅಲುಗಲಿಲ್ಲ. ಕಾಲ ಬಳಿ ಹುತ್ತ ಬೆಳೆಯಿತು, ಮೈಗೆ ಬಳ್ಳಿ ಹಬ್ಬಿತು. ಆದರೂ ಕೇವಲಜ್ಞಾನ, ಅಂದರೆ ಪರಿಪೂರ್ಣ ಅರಿವು, ದೊರಕಲಿಲ್ಲ. ಅಣ್ಣನ ನೆಲದ ಮೇಲೇ ನಿಂತಿದ್ದೇನಲ್ಲ ಎಂಬ ಕೊರಗೊಂದು ಮುಳ್ಳಿನಂತೆ ಒಳಗೆ ಉಳಿದಿತ್ತು ಎನ್ನುತ್ತಾರೆ ನಮ್ಮ ಜನ. ಭರತನೇ ಬಂದು ಕೈಮುಗಿದಾಗ ಆ ಮುಳ್ಳೂ ಕಳಚಿತು. ರಾಜ್ಯ ಬಿಟ್ಟವನಿಗೂ ಮನಸ್ಸಿನ ಒಂದು ಎಳೆಯನ್ನು ಬಿಡುವುದು ಎಷ್ಟು ಕಷ್ಟ ಎಂಬುದನ್ನು ಹೇಳುವುದರಿಂದಲೇ ಈ ಕಥೆ ನಮಗೆ ಇಷ್ಟು ಹತ್ತಿರ.

ಕತ್ತಿ ಹಿಡಿದವನ ಕನಸು

ಈ ಮೂರ್ತಿಯನ್ನು ಮಾಡಿಸಿದವನು ಯುದ್ಧವನ್ನೇ ಕಸುಬಾಗಿಸಿಕೊಂಡಿದ್ದ ಚಾವುಂಡರಾಯ. ಗಂಗ ದೊರೆಗಳಾದ ಮಾರಸಿಂಹ ಮತ್ತು ರಾಚಮಲ್ಲರಿಗೆ ಮಂತ್ರಿ, ದಂಡನಾಯಕ. ಸಮರಪರಶುರಾಮ, ವೀರಮಾರ್ತಂಡ ಎಂಬ ಬಿರುದುಗಳನ್ನು ರಣರಂಗದಲ್ಲಿ ಗಳಿಸಿದವನು. ಅದೇ ಕೈ ಲೇಖನಿಯನ್ನೂ ಹಿಡಿದು 978ರಲ್ಲಿ ಚಾವುಂಡರಾಯ ಪುರಾಣವೆಂಬ ಗದ್ಯಕೃತಿ ಬರೆಯಿತು, ರನ್ನನಂಥ ಕವಿಗೆ ಆಸರೆ ಕೊಟ್ಟಿತು. ಪೌದನಪುರದ ಬಾಹುಬಲಿಯ ದರ್ಶನವಾಗಬೇಕೆಂದು ತಾಯಿ ಕಾಳಲಾದೇವಿ ಹಂಬಲಿಸಿದಳೆಂದೂ, ಮಗ ಚಿಕ್ಕಬೆಟ್ಟದಿಂದ ಎದುರಿನ ಬೆಟ್ಟಕ್ಕೆ ಬಾಣ ಬಿಟ್ಟಾಗ ಈ ಮೂರ್ತಿಯ ಜಾಗ ತಿಳಿಯಿತೆಂದೂ ಐತಿಹ್ಯ ಹೇಳುತ್ತದೆ. ಪ್ರತಿಷ್ಠೆಯಾದದ್ದು 981ರ ಸುಮಾರಿಗೆ. ಎಷ್ಟೋ ಯುದ್ಧಗಳನ್ನು ಕಂಡ ದಂಡನಾಯಕ, ಗೆದ್ದ ಮೇಲೆ ತೋಳು ಇಳಿಸಿದವನನ್ನು ಬೆಟ್ಟದ ತುದಿಯಲ್ಲಿ ನಿಲ್ಲಿಸಿದ್ದಾನೆ. ತನ್ನ ಬದುಕಿನ ಬಗ್ಗೆ ಅವನು ಹೇಳಬೇಕಾದದ್ದು ಅದರಲ್ಲೇ ಇದ್ದಿರಬೇಕು.

'ಗೊಮ್ಮಟ' ಎಂಬ ಹೆಸರಿನ ಮೂಲದ ಬಗ್ಗೆ ವಿದ್ವಾಂಸರಲ್ಲಿ ಎರಡು ಮತ. ಬಾಹುಬಲಿ ಕಾಮದೇವನಷ್ಟು ಚೆಲುವನಾದ್ದರಿಂದ 'ಮನ್ಮಥ' ಎಂಬುದೇ 'ಗೊಮ್ಮಟ'ವಾಯಿತು ಎಂದರು ಗೋವಿಂದ ಪೈ. ಅದು ಚಾವುಂಡರಾಯನ ಮನೆಯ ಹೆಸರು, ಅವನ ದೇವರಾದ್ದರಿಂದ ಗೊಮ್ಮಟೇಶ್ವರ ಎಂದರು ಆ.ನೇ. ಉಪಾಧ್ಯೆ.

ಪಾದದ ಬಳಿ ಕನ್ನಡ, ತಮಿಳು, ಮರಾಠಿಗಳಲ್ಲಿ ಚಿಕ್ಕ ಶಾಸನಗಳಿವೆ. ಚಾವುಂಡರಾಯ ವಿಗ್ರಹವನ್ನು ಮಾಡಿಸಿದನೆಂದೂ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಸುತ್ತಾಲಯವನ್ನು ಕಟ್ಟಿಸಿದನೆಂದೂ ಅವು ಹೇಳುತ್ತವೆ. ಮಾಡಿಸಿದವರ ಹೆಸರಿದೆ, ಮಾಡಿದವನ ಹೆಸರಿಲ್ಲ. ಉಳಿ ಹಿಡಿದ ಆ ಕೈ ತನ್ನ ಗುರುತನ್ನೂ ಬಿಟ್ಟು ಹೋಗಿದೆ.

ಕಲ್ಲಿನೊಳಗಿನ ಲೆಕ್ಕ

ಕಾರ್ಕಳದ ಗೊಮ್ಮಟನನ್ನು (1432) ಬೇರೆಡೆ ಕೆತ್ತಿ ಬೆಟ್ಟಕ್ಕೆ ಎಳೆದು ತಂದರು. ಧರ್ಮಸ್ಥಳದ್ದನ್ನು ರೆಂಜಾಳ ಗೋಪಾಲ ಶೆಣೈ ಅವರು ಕಾರ್ಕಳದಲ್ಲಿ ಕೆತ್ತಿದರು. ಬೆಳಗೊಳದ ಗೊಮ್ಮಟ ಎಲ್ಲಿಂದಲೂ ಬಂದವನಲ್ಲ. ಬೆಟ್ಟದ ನೆತ್ತಿಯ ಬಂಡೆಯೇ ಅವನು. ಸುತ್ತಲಿನ ಕಲ್ಲನ್ನೆಲ್ಲ ತೆಗೆದ ಮೇಲೆ ಉಳಿದದ್ದು ಈ ರೂಪ. ಕಲ್ಲಿನ ಕೆಲಸದಲ್ಲಿ ತಪ್ಪಿದ ಒಂದು ಏಟನ್ನೂ ತಿದ್ದಲಾಗದು.

ಇಷ್ಟು ಎತ್ತರದ ಮೂರ್ತಿಗೆ ಬೆನ್ನಾಸರೆ ಬೇಕು. ಶಿಲ್ಪಿ ಆ ಆಸರೆಯನ್ನು ಹುತ್ತವಾಗಿಸಿದ. ತೊಡೆಯವರೆಗೆ ಕಲ್ಲಿನ ಹುತ್ತ ಮೂರ್ತಿಯನ್ನು ಹಿಡಿದಿದೆ, ಅದರಿಂದ ಹಾವುಗಳು ಹೊರಗೆ ಇಣುಕುತ್ತಿವೆ. ಅಲ್ಲಿಂದ ಮೇಲೆ ಯಾವ ಆಧಾರವೂ ಇಲ್ಲದೆ ಇಡೀ ದೇಹ ಆಕಾಶಕ್ಕೆ ತೆರೆದು ನಿಂತಿದೆ. ಸೊಂಟದ ಬಳಿ ಮೈಗೂ ತೋಳಿಗೂ ನಡುವಿನ ಕಲ್ಲನ್ನೂ ತೆಗೆದಿರುವುದರಿಂದ ಆ ಸಂದಿಯಲ್ಲಿ ಬೆಳಕು ಹಾಯುತ್ತದೆ. ಮಾಧವೀಲತೆ ಕಾಲನ್ನು ಬಳಸಿ, ತೋಳನ್ನು ಸುತ್ತಿ ಮೇಲೇರಿದೆ. ಮಧ್ಯಾಹ್ನಕ್ಕೆ ಮುಂಚಿನ ಓರೆ ಬಿಸಿಲಿನಲ್ಲಿ ನೋಡಬೇಕು: ಎಲೆ ಎಲೆಗೂ ನೆರಳು ಮೂಡಿ, ಬಳ್ಳಿ ಈಗಷ್ಟೇ ಇನ್ನೊಂದು ಸುತ್ತು ಹಾಕಿತೋ ಎನಿಸುತ್ತದೆ. ಕಣ್ಣು ಅರೆತೆರೆದಿದೆ, ತುಟಿಯಲ್ಲಿ ಮುಗುಳ್ನಗೆಯ ಸುಳಿವಿದೆ. ಮುಖ ಉತ್ತರಕ್ಕೆ, ಅಂದರೆ ಎಷ್ಟೋ ಮುನಿಗಳು ಉಪವಾಸದಿಂದ ದೇಹ ಬಿಡುವ ಸಲ್ಲೇಖನ ಕೈಗೊಂಡ ಚಿಕ್ಕಬೆಟ್ಟದ ಕಡೆಗೆ.

ದೊಡ್ಡದಾದದ್ದರಲ್ಲಿ ಚೆಲುವು ಕೂಡಿಬರುವುದು ಅಪರೂಪ, ಇಲ್ಲಿ ಎರಡೂ ಕೂಡಿವೆ ಎಂದು ಬೆರಗಾದವನು ಬೊಪ್ಪಣ ಪಂಡಿತ. 1180ರ ಸುಮಾರಿನ ಅವನ ಕನ್ನಡ ಶಾಸನ ಇಂದಿಗೂ ಅಲ್ಲಿದೆ.

ಅಜ್ಜಿಯ ಕೈಯಲ್ಲಿನ ಹಾಲು

ದಿನನಿತ್ಯ ಅಭಿಷೇಕ ನಡೆಯುವುದು ಪಾದಕ್ಕೆ ಮಾತ್ರ. ಹನ್ನೆರಡು ವರ್ಷಗಳಿಗೊಮ್ಮೆ ಅಟ್ಟಣಿಗೆ ಕಟ್ಟಿ, 1008 ಕಲಶಗಳ ನೀರಿನಿಂದ, ಹಾಲು, ಎಳನೀರು, ಕಬ್ಬಿನ ಹಾಲು, ಅರಿಶಿನ, ಗಂಧಗಳಿಂದ ಮಹಾಮಸ್ತಕಾಭಿಷೇಕ ಮಾಡುತ್ತಾರೆ. 1981ರಲ್ಲಿ ಸಹಸ್ರಾಬ್ದಿಯ ಅಭಿಷೇಕವಾದಾಗ ಪ್ರಧಾನಿ ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಹೂಮಳೆ ಸುರಿಸಿದ್ದರು. ಈಚಿನದು ನಡೆದದ್ದು 2018ರಲ್ಲಿ.

ಮೊದಲ ಅಭಿಷೇಕದ ಕಥೆಯನ್ನು ಬೆಳಗೊಳದಲ್ಲಿ ಮಕ್ಕಳೂ ಹೇಳುತ್ತಾರೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅದು ತೊಡೆಯಿಂದ ಕೆಳಗೆ ಇಳಿಯಲಿಲ್ಲ. ಇಂಥ ಮೂರ್ತಿಯನ್ನು ಮಾಡಿಸಿದವನು ನಾನು ಎಂಬ ಹೆಮ್ಮೆ ಅವನಲ್ಲಿ ಸುಳಿದಿತ್ತಂತೆ. ಆಗ ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಓಡಿನಲ್ಲಿ ತಂದ ಗುಟುಕು ಹಾಲನ್ನು ಎರೆದಳು. ಅದು ನೆತ್ತಿಯಿಂದ ಪಾದದವರೆಗೆ ಹರಿದು, ಬೆಟ್ಟವನ್ನೂ ಇಳಿದು ಬಿಳಿಯ ಕೊಳವಾಯಿತು. ಬಾಹುಬಲಿಯೊಳಗೆ ಉಳಿದಿದ್ದಂಥದೇ ಮುಳ್ಳು ಅವನ ಭಕ್ತನಲ್ಲೂ ಇತ್ತು. ಅಲ್ಲಿ ತೆಗೆದವನು ಅಣ್ಣ, ಇಲ್ಲಿ ತೆಗೆದವಳು ಅಜ್ಜಿ.

ದರ್ಶನ ಮುಗಿಸಿ ಹೊರಬರುವಾಗ ಬಾಗಿಲಿಗೆ ಎದುರಾಗಿ ಆ ಗುಳ್ಳಕಾಯಜ್ಜಿ ನಿಂತಿದ್ದಾಳೆ. ನಮ್ಮ ನಿಮ್ಮಷ್ಟೇ ಎತ್ತರದ ಕಲ್ಲಿನ ಮೂರ್ತಿ, ಕೈಯಲ್ಲಿ ಗುಳ್ಳಕಾಯಿ. ಒಳಗಿನ ದೊಡ್ಡ ತೋಳುಗಳು ಎಲ್ಲವನ್ನೂ ಬಿಟ್ಟು ಇಳಿದಿವೆ. ಹೊರಗಿನ ಈ ಪುಟ್ಟ ಕೈಗಳು ತಮ್ಮಲ್ಲಿದ್ದುದನ್ನೆಲ್ಲ ಹಿಡಿದು ತಂದಿವೆ. ಮೆಟ್ಟಿಲಿಳಿಯುವ ಮುನ್ನ ನಾನು ಪ್ರತಿಸಲವೂ ಅಜ್ಜಿಯ ಮುಂದೆ ಒಂದು ಗಳಿಗೆ ನಿಲ್ಲುತ್ತೇನೆ. ಅಷ್ಟು ಹೊತ್ತಿಗೆ ಬಂಡೆ ಕಾಯತೊಡಗಿರುತ್ತದೆ.