ಬೆಳಗ್ಗೆ ಹೋಗಿ ಸಂಜೆ ಮರಳುವ ಕೀಮೋ

ಕ್ಯಾನ್ಸರ್ ಎಂದ ಕೂಡಲೇ ನಮ್ಮವರಿಗೆ ಬರುವ ಮೊದಲ ಚಿಂತೆ: 'ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದರೆ ಹಟ್ಟಿ, ತೋಟ ನೋಡುವವರು ಯಾರು?' ಇದೇ ಕಾರಣಕ್ಕೆ ಚಿಕಿತ್ಸೆ ಮುಂದೂಡಿದವರನ್ನು ನಾನು ಬಲ್ಲೆ. ಆದರೆ ಈಗ ಹೆಚ್ಚಿನ ಕೀಮೋಥೆರಪಿಗೆ ದಾಖಲಾಗಬೇಕೆಂದಿಲ್ಲ. ಬೆಳಗ್ಗೆ ಹೋಗಿ, ಡ್ರಿಪ್‌ನಲ್ಲಿ ಮದ್ದು ಹಾಕಿಸಿಕೊಂಡು ಸಂಜೆ ಮನೆ ಸೇರಬಹುದು. ಇದಕ್ಕೆ 'ಡೇ ಕೇರ್' ಎನ್ನುತ್ತಾರೆ. ಕಾರ್ಕಳ ಬದಿಯ ನಮ್ಮ ಮನೆಯಿಂದ ಮನೆಯಾಕೆಯ ಜೊತೆ 21 ದಿನಕ್ಕೊಮ್ಮೆಯಂತೆ ಆರು ಸಲ ಮಣಿಪಾಲಕ್ಕೆ ಓಡಾಡಿದ್ದೇನೆ.

ನಮಗೆ ಬೈಲೂರು, ಹಿರಿಯಡಕ, ಪರ್ಕಳ ದಾಟಿದರೆ ಮಣಿಪಾಲ, ಒಂದೇ ಬಸ್ಸು. ಕಾಪು ಕಡೆಯವರು ಉಡುಪಿಯಲ್ಲಿ ಬಸ್ಸು ಬದಲಿಸಬೇಕು. ಹೋಗುವಾಗ ಬಸ್ಸು ಸಾಕು. ಬರುವಾಗ ಸುಸ್ತು, ವಾಕರಿಕೆ ಇರುತ್ತದೆ, ರಿಕ್ಷಾವೋ ಕಾರೋ ಮೊದಲೇ ಗೊತ್ತು ಮಾಡಿಕೊಳ್ಳಿ.

ಮೊದಲು ರಕ್ತ ಪರೀಕ್ಷೆ. ಬಿಳಿ ರಕ್ತಕಣ ಕಡಿಮೆಯಿದ್ದರೆ ಆ ದಿನ ಮದ್ದಿಲ್ಲ, ವಾಪಸು. ನಮಗೂ ಒಮ್ಮೆ ಹಾಗಾಯಿತು, ಬೇಸರಿಸಿ ಫಲವಿಲ್ಲ. ಎತ್ತರ, ತೂಕ ನೋಡಿ ಮದ್ದಿನ ಪ್ರಮಾಣ ಲೆಕ್ಕ ಹಾಕುತ್ತಾರೆ. ವಾಂತಿ ತಡೆಯುವ ಇಂಜೆಕ್ಷನ್ ಕೊಟ್ಟ ಮೇಲೆ ಅಸಲು ಮದ್ದು. ಸೂಜಿ ಹಾಕಿದ ಜಾಗ ಉರಿದರೆ, ಊದಿದರೆ ಸುಮ್ಮನೆ ಸಹಿಸಬಾರದು. ಕೂಡಲೇ ಸಿಸ್ಟರನ್ನು ಕರೆಯಬೇಕು. ಕೆಲವು ಕೀಮೋ ಮದ್ದು ನರದಿಂದ ಹೊರಗೆ ಸೋರಿದರೆ ಮಾಂಸವನ್ನೇ ಸುಡುತ್ತದೆ.

ಪಕ್ಕದ ಕುರ್ಚಿಯಲ್ಲಿದ್ದವರೆಲ್ಲ ಕ್ಯಾನ್ಸರಿನವರೇ ಎಂದುಕೊಳ್ಳಬೇಡಿ. ರಕ್ತಹೀನತೆಗೆ ಕಬ್ಬಿಣದ ಡ್ರಿಪ್, ಎಲುಬು ಸವೆದವರಿಗೆ ವರ್ಷಕ್ಕೊಮ್ಮೆ ಕೊಡುವ ಮದ್ದು, ಗಂಟುವಾತದ ಕೆಲವು ಮದ್ದುಗಳೂ ಹೀಗೆಯೇ ನಡೆಯುತ್ತವೆ.

ನಿಜವಾದ ಜಾಗ್ರತೆ ಬೇಕಾದ್ದು ಮನೆಗೆ ಬಂದ ಮೇಲೆ. ಕೀಮೋ ಆಗಿ ಸುಮಾರು 7ರಿಂದ 14 ದಿನದೊಳಗೆ ಬಿಳಿ ರಕ್ತಕಣ ತೀರಾ ಇಳಿಯುತ್ತದೆ. ಆಗ ರೋಗಿ ಲವಲವಿಕೆಯಿಂದಲೇ ಇರುತ್ತಾರೆ, ಅದೇ ಅಪಾಯ. "ಒಂದು ಚೂರು ಹಟ್ಟಿ ಗುಡಿಸ್ತೇನೆ" ಅಂತ ಇವಳು ಹೊರಟಾಗಲೆಲ್ಲ ನಾನು ಅಡ್ಡ ನಿಂತದ್ದುಂಟು. ಸೆಗಣಿ, ಗೊಬ್ಬರದ ಗುಂಡಿ, ಬರಿಗಾಲಿನಲ್ಲಿ ಕೆಸರು ತುಳಿಯುವುದು, ಹಸಿ ಹಾಲು ಯಾವುದೂ ಬೇಡ. ಇಲಿಜ್ವರ ಇರುವ ಊರು ನಮ್ಮದು.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೋ, ನಡುರಾತ್ರಿಯಾದರೂ ಹೊರಡಬೇಕು. ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾದರೆ ಜೀವಕ್ಕೇ ಸಂಚಕಾರ. ಮನೆಯಲ್ಲೊಂದು ಥರ್ಮಾಮೀಟರ್ ಇರಲೇಬೇಕು. ಮಳೆಗಾಲದಲ್ಲಿ ಮಣಿಪಾಲದವರೆಗೆ ಹೋಗಲಾಗದಿದ್ದರೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಮೊದಲ ಇಂಜೆಕ್ಷನ್ ಸಿಗುತ್ತದೆಂದು ಮೊದಲ ದಿನವೇ ಡಾಕ್ಟರರಲ್ಲಿ ಕೇಳಿಟ್ಟುಕೊಳ್ಳಿ. ಕೀಮೋದ ಚೀಟಿ ಜೊತೆಗಿರಲಿ.

ಮೊದಲ ಎರಡು ದಿನ ಮಲಮೂತ್ರ, ವಾಂತಿಯಲ್ಲೂ ಮದ್ದಿನ ಅಂಶ ಇರುತ್ತದೆ. ಕಕ್ಕಸಿಗೆ ಎರಡು ಸಲ ನೀರು ಹೊಯ್ಯಿರಿ, ಬಟ್ಟೆ ಒಗೆಯುವವರು ಕೈಗವಸು ಹಾಕಿ. ತೋಟಕ್ಕೆ ಬೋರ್ಡೋ ಬಿಡುವಾಗ ಇಷ್ಟು ಜಾಗ್ರತೆ ಯಾರೂ ಮಾಡುವುದಿಲ್ಲ, ಅದು ಬೇರೆ ಮಾತು!

ನಡುವೆ ಯಾರೋ ಕಷಾಯ, ಬೇರು ತಂದು ಕೊಡುತ್ತಾರೆ. ಡಾಕ್ಟರಿಗೆ ಹೇಳದೆ ಕೊಡಬೇಡಿ. ಗಿಡಮೂಲಿಕೆಯ ಮೇಲೆ ನಂಬಿಕೆ ಇದ್ದವರಿಗೆ ಒಂದು ಮಾತು: ಡ್ರಿಪ್ಪಿನ ಕೆಲವು ಮದ್ದುಗಳ ಮೂಲವೇ ಗಿಡ. ವಿನ್‌ಕ್ರಿಸ್ಟಿನ್ ಬರುವುದು ನಮ್ಮ ಅಂಗಳದ ನಿತ್ಯಪುಷ್ಪದಿಂದ. ಕರುಳಿನ ಕ್ಯಾನ್ಸರಿಗೆ ಕೊಡುವ ಇರಿನೋಟೆಕಾನ್ ತಯಾರಾಗುವುದು ಕ್ಯಾಂಪ್ಟೊಥೆಸಿನ್‌ನಿಂದ. ಅದು ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿದೆ. ಆದರೆ ಎಲೆ ಅರೆದು ಕುಡಿದರೆ ವಿಷ. ಅಳತೆ ತಪ್ಪಿದರೆ ಮದ್ದೇ ಮೃತ್ಯು.

ಖರ್ಚಿನ ವಿಚಾರ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯ ಇದೆ. ಎಪಿಎಲ್‌ನವರಿಗೆ ನಿಗದಿತ ದರದ 30 ಶೇಕಡಾ, ಒಂದೂವರೆ ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮಾಡಿಸಿಕೊಳ್ಳಿ, ಆಮೇಲೆ ಓಡಾಡುವುದು ಕಷ್ಟ.

2025ರಲ್ಲಿ ರಾಜ್ಯ ಸರಕಾರ ಜಿಲ್ಲಾಸ್ಪತ್ರೆಗಳಲ್ಲೇ ಡೇ ಕೇರ್ ಕೀಮೋ ಕೇಂದ್ರ ತೆರೆಯಲು ಶುರು ಮಾಡಿತು. ಮೊದಲ ಕೀಮೋ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಮುಂದಿನವು ಊರ ಹತ್ತಿರ ಎಂಬ ವ್ಯವಸ್ಥೆ. ನಿಮ್ಮ ಮದ್ದು ಅಲ್ಲಿ ಆಗುತ್ತದೆಯೇ ಎಂದು ಉಡುಪಿಯ ಅಜ್ಜರಕಾಡು ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ.