ಬ್ರೇಕಿನ ಡ್ರಮ್ಮು: ಸವೆತಕ್ಕೂ ಒಂದು ಮಿತಿ

ಮೈಸೂರಿನ ಬಂಡಿಪಾಳ್ಯ ಮಾರುಕಟ್ಟೆಯಲ್ಲಿ ಸರಕು ಹೇರಿಕೊಂಡು ಕೋಳಿಕ್ಕೋಡಿಗೆ ಹೊರಡುವ ಲಾರಿಗೆ ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ ದಾಟುವವರೆಗೆ ಅಷ್ಟೇನೂ ಕಷ್ಟವಿಲ್ಲ. ನಿಜವಾದ ಪರೀಕ್ಷೆ ಲಕ್ಕಿಡಿಯಲ್ಲಿ. ಅಲ್ಲಿಂದ ಒಂಬತ್ತು ಹೇರ್‌ಪಿನ್ ತಿರುವುಗಳ ತಾಮರಶ್ಶೇರಿ ಘಾಟಿ ಇಳಿಯಬೇಕು. ಆ ಹೊತ್ತಿನಲ್ಲಿ ಚಾಲಕನ ಪ್ರಾಣವಿರುವುದು ಚಕ್ರದೊಳಗೆ ಅವಿತಿರುವ ಎರಕದ ಕಬ್ಬಿಣದ ಬೋಗುಣಿಯಂಥ ಡ್ರಮ್ಮಿನಲ್ಲಿ.

ಪೆಡಲ್ ಒತ್ತಿದಾಗ ಟ್ಯಾಂಕಿನಲ್ಲಿರುವ ಒತ್ತಡದ ಗಾಳಿ ಚೇಂಬರಿಗೆ ನುಗ್ಗುತ್ತದೆ. ಅದು ಸನ್ನೆಯೊಂದನ್ನು ತಳ್ಳಿ, ಇಂಗ್ಲಿಷಿನ ‘ಎಸ್’ ಆಕಾರದ ಕ್ಯಾಮನ್ನು ತಿರುಗಿಸುತ್ತದೆ. ಕ್ಯಾಮ್ ಎರಡು ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಶೂಗಳ ಮೇಲಿನ ಲೈನಿಂಗ್ ತಿರುಗುವ ಡ್ರಮ್ಮಿನ ಒಳಮೈಗೆ ಉಜ್ಜಿ ವೇಗವನ್ನು ಶಾಖವಾಗಿ ಬದಲಿಸುತ್ತದೆ.

ಎಷ್ಟು ಶಾಖ? ಪಿಯುಸಿ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. 16 ಟನ್ ತೂಕದ ವಾಹನವೊಂದು ಚಾಮುಂಡಿ ಬೆಟ್ಟದಿಂದ 250 ಮೀಟರ್ ಕೆಳಕ್ಕೆ ಇಳಿಯಿತು ಎಂದುಕೊಳ್ಳಿ. ತೂಕ, ಗುರುತ್ವ, ಎತ್ತರ ಗುಣಿಸಿದರೆ ಸುಮಾರು 3.9 ಕೋಟಿ ಜೂಲ್. ಸುಮಾರು 125 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು! ಚಾಲಕ ಕೆಳಗಿನ ಗೇರು ಹಾಕಿದ್ದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ತಂದಿದ್ದರೆ ಬಹುಪಾಲು ಡ್ರಮ್ಮಿನ ತಲೆಗೆ. ತಾಮರಶ್ಶೇರಿಯ ಇಳಿತವಂತೂ ಇದರ ಎರಡು ಪಟ್ಟಿಗಿಂತ ಹೆಚ್ಚು.

ಕಾದ ಡ್ರಮ್ಮು ಹಿಗ್ಗುತ್ತದೆ

410 ಮಿ.ಮೀ. ವ್ಯಾಸದ ಡ್ರಮ್ಮು 300 ಡಿಗ್ರಿ ಹೆಚ್ಚು ಕಾದರೆ ಅದರ ವ್ಯಾಸ ಸುಮಾರು 1.3 ಮಿ.ಮೀ. ಹಿಗ್ಗುತ್ತದೆ. ಪ್ರತಿ ಶೂ ಅದರ ಅರ್ಧದಷ್ಟು ದೂರ ಹೆಚ್ಚು ಚಲಿಸಿ ಡ್ರಮ್ಮನ್ನು ಮುಟ್ಟಬೇಕು. ಆದರೆ ಚೇಂಬರಿನ ತಳ್ಳುದಂಡಕ್ಕೆ ಒಂದು ಮಿತಿ ಇದೆ. ಡ್ರಮ್ಮು, ಲೈನಿಂಗ್ ಎರಡೂ ಸವೆದು, ಸ್ಲ್ಯಾಕ್ ಅಡ್ಜಸ್ಟರ್ ಕೂಡ ಸಡಿಲವಾಗಿದ್ದರೆ ದಂಡ ತನ್ನ ಕೊನೆಗೆ ಬಂದರೂ ಬ್ರೇಕು ಸಾಕಷ್ಟು ಹಿಡಿಯುವುದಿಲ್ಲ. ಇದರ ಜೊತೆಗೆ ಅತಿಯಾಗಿ ಕಾದ ಲೈನಿಂಗ್ ಘರ್ಷಣೆಯ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಬೆಳಿಗ್ಗೆ ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿ ಹಿಡಿದ ಬ್ರೇಕು ಘಾಟಿಯ ನಡುವೆ ಕೈಕೊಡುವುದು ಹೀಗೆ.

ಯಾವಾಗ ಬದಲಿಸಬೇಕು?

‘ಇನ್ನೊಂದು ಟ್ರಿಪ್ ಹೋಗಲಿ’ ಎಂಬ ಮಾತಿಗೆ ಅಳತೆಯೇ ಉತ್ತರ. ಅನುಮತಿಸಿದ ಗರಿಷ್ಠ ವ್ಯಾಸವನ್ನು ಅನೇಕ ಡ್ರಮ್ಮುಗಳ ಮೇಲೆ ಎರಕದಲ್ಲೇ ಮೂಡಿಸಿರುತ್ತಾರೆ. ಉದಾಹರಣೆಗೆ 16.5 ಇಂಚಿನ ಡ್ರಮ್ಮಿಗೆ ಹಲವು ತಯಾರಕರು ಹಾಕುವ ಮಿತಿ 16.62 ಇಂಚು, ಅಂದರೆ ಸುಮಾರು 3 ಮಿ.ಮೀ. ಮಾತ್ರ ಹೆಚ್ಚು. ಅಳೆಯಬೇಕಾದದ್ದು ಶೂ ಉಜ್ಜುವ ಜಾಗವನ್ನು. ಅಂಚಿನ ದಂಡೆ ಸವೆದಿರುವುದಿಲ್ಲ, ಅಲ್ಲಿ ಅಳೆದರೆ ಮೋಸ ಹೋದಂತೆ.

ಗೀರು ಬಿದ್ದ ಡ್ರಮ್ಮನ್ನು ಲೇತಿಗೆ ಕೊಟ್ಟು ಸ್ಕಿಮ್ಮಿಂಗ್ ಮಾಡಿಸುವುದು ರೂಢಿ. ಖರ್ಚು ಕಡಿಮೆ. ಆದರೆ ಕಡೆದಷ್ಟೂ ಗೋಡೆ ತೆಳುವಾಗುತ್ತದೆ. ತೆಳುವಾದ ಕಬ್ಬಿಣ ಬೇಗ ಕಾಯುತ್ತದೆ, ಬೇಗ ಬಿರಿಯುತ್ತದೆ. ಹೊಸ ಲೈನಿಂಗ್ ಸವೆದು ಮುಗಿಯುವ ಮೊದಲೇ ಡ್ರಮ್ಮು ಮಿತಿ ಮುಟ್ಟುವಂತಿದ್ದರೆ ಕಡೆಸುವುದು ಉಳಿತಾಯವಲ್ಲ, ಅದನ್ನು ಗುಜರಿಗೆ ಹಾಕುವುದೇ ಲೇಸು.

ಒಳಮೈಯಲ್ಲಿ ಕೂದಲೆಳೆಯಂಥ ಸಣ್ಣ ಬಿರುಕುಗಳು ಶಾಖದಿಂದ ಮೂಡುವುದು ಸಹಜ. ಬಿರುಕು ಅಂಚಿನವರೆಗೆ ಓಡಿದ್ದರೆ, ಇಲ್ಲವೇ ಗೋಡೆಯನ್ನು ತೂರಿ ಹೊರಮೈಯಲ್ಲಿ ಕಂಡರೆ ಅಳತೆಯ ಪ್ರಶ್ನೆಯೇ ಇಲ್ಲ. ಗಾಡಿ ಅಲ್ಲೇ ನಿಲ್ಲಬೇಕು. ನೀಲಿ ಕಲೆಗಳು ಅತಿ ಶಾಖದ ಗುರುತು. ಬ್ರೇಕ್ ಹಿಡಿದಾಗ ಗಾಡಿ ಮಿಡಿದಂತಾದರೆ ಡ್ರಮ್ಮು ದುಂಡು ಕಳೆದುಕೊಂಡಿರಬಹುದು. ಅಮೆರಿಕದ ನಿಯಮದಂತೆ ಏರ್ ಬ್ರೇಕ್ ಲಾರಿಯ ಹಿಂಗಾಲಿಗಳ ಲೈನಿಂಗ್ ಕಾಲು ಇಂಚಿಗಿಂತ ತೆಳುವಾಗಿರಬಾರದು. ರಿವೆಟ್ ತಲೆ ಡ್ರಮ್ಮಿಗೆ ತಾಗುವ ತನಕ ಕಾದರೆ ಹೊಸ ಡ್ರಮ್ಮೂ ಹಾಳು. ಒಂದೇ ಆಕ್ಸಲ್‌ನ ಎರಡೂ ಕಡೆ ಒಟ್ಟಿಗೆ ಬದಲಿಸದಿದ್ದರೆ ಗಾಡಿ ಒಂದು ಬದಿಗೆ ಎಳೆಯಬಹುದು.

ಗ್ಯಾರೇಜು ಸೇರುವ ಹುಡುಗರಿಗೆ ಒಂದು ಎಚ್ಚರಿಕೆ: ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು. ಅದರ ದೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣ. ಗಾಳಿ ಪೈಪಿನಿಂದ ಊದಬಾರದು, ಒದ್ದೆ ಮಾಡಿ ಒರೆಸಬೇಕು.

ಪೋಷಕರಿಗೆ ಇದೆಲ್ಲ ದೂರದ ಮಾತಲ್ಲ. ಮಕ್ಕಳನ್ನು ಹೊತ್ತೊಯ್ಯುವ ಎಷ್ಟೋ ಶಾಲಾ ಬಸ್ಸುಗಳಲ್ಲೂ ಇರುವುದು ಇಂಥದೇ ಬ್ರೇಕು. ಎಂಟು ವರ್ಷದೊಳಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಬೇಕೆಂಬುದು ನಿಯಮ. ಆದರೆ ಎಫ್.ಸಿ. ಆ ಒಂದು ದಿನದ ಸಾಕ್ಷಿ ಮಾತ್ರ, ಸವೆತ ದಿನವೂ ನಡೆಯುತ್ತದೆ. ಪ್ರವಾಸಕ್ಕೆ ಮಕ್ಕಳನ್ನು ಕಳಿಸುವ ಮುನ್ನ ‘ಡ್ರಮ್ ಬಿಚ್ಚಿ ಅಳೆದದ್ದು ಯಾವಾಗ?’ ಎಂದು ಶಾಲೆಯನ್ನು ಕೇಳುವುದರಲ್ಲಿ ಸಂಕೋಚ ಬೇಡ. ಹೊಸ ಡ್ರಮ್ಮಿಗೊಂದು ಬೆಲೆ ಇದೆ. ಬಸ್ಸಿನಲ್ಲಿ ಕೂತವರಿಗೆ ಬೆಲೆ ಕಟ್ಟುವವರಾರು?